ಹೆಸರಿಗೆಷ್ಟು, ಮಾಲಿಗೆಷ್ಟು? ಸಣ್ಣ ಕ್ಯಾಮೆರಾದ ದೊಡ್ಡ ಲೆಕ್ಕ

ಹಳ್ಳಿಖೇಡ (ಬಿ): ಈ ಊರಿನ ಹೆಸರಿಗೆ ಕಂಸದೊಳಗೆ ಒಂದು 'ಬಿ' ಅಂಟಿಕೊಂಡಿದೆ. ಹೊರಗಿನವರಿಗೆ ಅದು ಅಚ್ಚಿನ ತಪ್ಪಿನಂತೆ ಕಂಡೀತು. ಊರವರಿಗೆ ಗೊತ್ತು, ಅದು ಬುಜುರ್ಗ್, ಅಂದರೆ ಹಿರಿದು. ಬೀದರ್ ಜಿಲ್ಲೆಯ ಕಂದಾಯ ದಫ್ತರದಲ್ಲಿ 'ಬಿ' ಇದ್ದರೆ ಹಿರಿಯ ಊರು, 'ಕೆ' ಇದ್ದರೆ ಖುರ್ದ್, ಕಿರಿಯ ಊರು. ಒಂದಕ್ಷರ ತಪ್ಪಿದರೆ ಟಪಾಲು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ.

ಇಂಥ ಊರಿನ ಫೋಟೊದವರು ಒಂದಕ್ಷರದ ಮಹಿಮೆಯನ್ನು ಈಗ ಕ್ಯಾಮೆರಾ ಬಜಾರಿನಲ್ಲಿಯೂ ಕಲಿಯಬೇಕಾಗಿ ಬಂದಿದೆ. ಕೆನಾನ್ ಕಂಪನಿಯ ಎರಡು ಸಣ್ಣ ಕ್ಯಾಮೆರಾಗಳನ್ನೇ ನೋಡಿ. ಒಂದು 'ಎಂ 50', 2018ರಲ್ಲಿ ಬಂದದ್ದು. ಇನ್ನೊಂದು 'ಆರ್ 50', 2023ರಲ್ಲಿ ಬಂದದ್ದು. ಕಂಪನಿ ಒಂದೇ, ಅಂಕಿ ಒಂದೇ. ಕೈಯಲ್ಲಿ ಹಿಡಿದರೆ ಗಾತ್ರವೂ ಹೆಚ್ಚುಕಡಿಮೆ ಒಂದೇ.

"ಅಣ್ಣಾ, ಎರಡೂ ಐವತ್ತೇ ಅವ ಅಲ್ಲಾ?" ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ.

"ಐವತ್ತು ಖರೇ. ಆದ್ರ ಮುಂದಿನ ಅಕ್ಷರ ನೋಡ್ರಿ" ಎಂಬುದೇ ಅದಕ್ಕೆ ಉತ್ತರ. ಏಕೆಂದರೆ 'ಎಂ' ಕ್ಯಾಮೆರಾಕ್ಕೆಂದು ರೊಕ್ಕ ಕೊಟ್ಟು ತಂದ ಲೆನ್ಸು 'ಆರ್' ಕ್ಯಾಮೆರಾಕ್ಕೆ ಕೂರುವುದೇ ಇಲ್ಲ.

ಕ್ಯಾಮೆರಾ ಕೆಟ್ಟರೆ ಒಂದು ಹೋಯಿತು. ಲೆನ್ಸು ಕೂರದಿದ್ದರೆ ಚೀಲದಲ್ಲಿದ್ದದ್ದೆಲ್ಲ ಹೋಯಿತು. ಲಗ್ನ, ಕುಬಸ, ತೊಟ್ಟಿಲು, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಎಂದು ಓಡಾಡಿ ಹೊಟ್ಟೆ ಹೊರೆಯುವ ಸ್ಟುಡಿಯೊ ಹುಡುಗರಿಗೆ ಇದು ಹವ್ಯಾಸದ ಮಾತಲ್ಲ, ಬಂಡವಾಳದ ಮಾತು. ಹೆಸರು ನೋಡಿ ಕೊಳ್ಳಬೇಕೋ, ಬೆಲೆ ನೋಡಿ ಕೊಳ್ಳಬೇಕೋ ಎಂಬ ಪ್ರಶ್ನೆ ಎದುರಿಗಿದೆ.

ಕನ್ನಡಿ ಹೋಯಿತು, ಹೊಟ್ಟೆ ಕರಗಿತು

ಮೊದಲು ಈ ಕ್ಯಾಮೆರಾ ಸಣ್ಣದಾದದ್ದು ಹೇಗೆಂಬುದನ್ನು ತಿಳಿಯಬೇಕು. ಹಳೆಯ ದಪ್ಪ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ 'ಖಟ್' ಎಂದು ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಆ ಕನ್ನಡಿ ಏಳಲು ಜಾಗ ಬೇಕು. ಆದ್ದರಿಂದ ಲೆನ್ಸು ದೂರ ಕೂರಬೇಕು, ಕ್ಯಾಮೆರಾ ದಪ್ಪವಾಗಬೇಕು.

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಕಂಪನಿಗಳು ಸೇರಿ ಈ ಕನ್ನಡಿಯನ್ನೇ ತೆಗೆದುಹಾಕಿದ ಒಂದು ಪದ್ಧತಿಯನ್ನು ಪ್ರಕಟಿಸಿದವು. ಅದೇ ವರ್ಷ ಪ್ಯಾನಸಾನಿಕ್‌ನ 'ಜಿ 1' ಬಂತು. 2009ರಲ್ಲಿ ಒಲಿಂಪಸ್‌ನ 'ಪೆನ್' ಬಂತು. 2010ರಲ್ಲಿ ಸೋನಿ ಮತ್ತು ಸ್ಯಾಮ್‌ಸಂಗ್, 2011ರಲ್ಲಿ ನಿಕಾನ್, 2012ರಲ್ಲಿ ಕೆನಾನ್ ಇದೇ ದಾರಿ ಹಿಡಿದವು. 'ಮಿರರ್‌ಲೆಸ್' ಎಂದು ಇಂದು ಎಲ್ಲರ ಬಾಯಲ್ಲಿರುವುದು ಇದೇ.

ಲೆನ್ಸು ಕೂರುವ ಉಂಗುರಕ್ಕೆ ಫೋಟೊದವರು 'ಮೌಂಟ್' ಎನ್ನುತ್ತಾರೆ. ಕ್ಯಾಮೆರಾದ ಬಾಯಿ ಎಂದುಕೊಂಡರೂ ಸರಿಯೇ. ಕೆನಾನ್‌ನ ಹಳೆಯ ದಪ್ಪ ಕ್ಯಾಮೆರಾದಲ್ಲಿ ಈ ಬಾಯಿಯಿಂದ ಒಳಗಿನ ಸೆನ್ಸರಿಗೆ 44 ಮಿಲಿಮೀಟರ್ ದೂರ. ಹೊಸ 'ಆರ್' ಕ್ಯಾಮೆರಾದಲ್ಲಿ 20 ಮಿಲಿಮೀಟರ್. ನಡುವೆ 24 ಮಿಲಿಮೀಟರಿನ ಒಂದು ಉಂಗುರ ಹಾಕಿದರೆ ಹಳೆಯ ಲೆನ್ಸು ಹೊಸ ಕ್ಯಾಮೆರಾದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಬಜಾರಿನಲ್ಲಿ ಇದಕ್ಕೆ ಅಡಾಪ್ಟರ್ ಎಂದು ಹೆಸರು.

ಆದರೆ 'ಎಂ' ಲೆನ್ಸು ತಯಾರಾದದ್ದು 18 ಮಿಲಿಮೀಟರಿನ ದೂರಕ್ಕೆ. ಅದು 20ರ ಬಾಯಿಗೆ ಬರಬೇಕಾದರೆ ಎರಡು ಮಿಲಿಮೀಟರ್ ಒಳಗೆ ತೂರಬೇಕು. ಉಂಗುರ ಹಾಕಿ ದೂರ ಹೆಚ್ಚಿಸಬಹುದು, ಕಡಿಮೆ ಮಾಡುವುದು ಹೇಗೆ? ಅಲ್ಲಿಗೆ ಕಥೆ ಮುಗಿಯಿತು.

ಬಿದ್ದ ಬೆಲೆಯ ಹಿಂದಿನ ಗುಟ್ಟು

ಕೆನಾನ್‌ನ ಮೊದಲ 'ಎಂ' ಕ್ಯಾಮೆರಾ 2012ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಒಂದು ಲೆನ್ಸು ಸೇರಿ ಸುಮಾರು 800 ಡಾಲರ್. ಚಿತ್ರ ಚೆನ್ನ, ಆದರೆ ಫೋಕಸ್ ನಿಧಾನ ಎಂಬ ಮಾತು ಹಬ್ಬಿತು. ಮರುವರ್ಷದ ಬೇಸಿಗೆಯಲ್ಲಿ ಅದೇ ಕ್ಯಾಮೆರಾ, ಅದೇ ಲೆನ್ಸು, 300 ಡಾಲರಿಗೆ ಬಿಕರಿಯಾಯಿತು. ಮಾಲಿನಲ್ಲಿ ಒಂದು ಮೊಳೆಯೂ ಬದಲಾಗಿರಲಿಲ್ಲ. ಬದಲಾದದ್ದು ಜನರ ಬಾಯಲ್ಲಿನ ಹೆಸರು.

ಮುಂದೆ ಕಂಪನಿ ದೋಷ ತಿದ್ದಿಕೊಂಡಿತು. 2018ರ 'ಎಂ 50' ನಮ್ಮ ದೇಶದಲ್ಲಿ ಲೆನ್ಸು ಸೇರಿ 61,995 ರೂಪಾಯಿಗೆ ಬಿಡುಗಡೆಯಾಗಿ ಒಳ್ಳೆಯ ಹೆಸರನ್ನೇ ಗಳಿಸಿತು. ವೀಡಿಯೊ ಮಾಡುವ ಹುಡುಗರು ಮುಗಿಬಿದ್ದು ಕೊಂಡರು. ಆದರೆ ಅದೇ 2018ರಲ್ಲಿ ಕಂಪನಿ 'ಆರ್' ಎಂಬ ಹೊಸ ಬಾಯಿಯ ಕ್ಯಾಮೆರಾವನ್ನೂ ತಂದಿತ್ತು. 'ಎಂ' ಬಾಯಿಗೆ ಕಂಪನಿ ಮಾಡಿದ ಲೆನ್ಸುಗಳು ಒಟ್ಟು ಎಂಟು. ಎಂಟನೆಯದು ಬಂದದ್ದು 2018ರಲ್ಲಿ, ಒಂಬತ್ತನೆಯದು ಬರಲೇ ಇಲ್ಲ. 2023ರಲ್ಲಿ 'ಆರ್ 50' ಬಂದಾಗ ಹಳೆಯ ಅಂಗಡಿಯ ಬಾಗಿಲು ಹಾಕಿದಂತಾಯಿತು.

ಗಮನಿಸತಕ್ಕದ್ದು ಇಲ್ಲಿದೆ. ಲೆನ್ಸಿನ ಪಟ್ಟಿ ಬೆಳೆಯುವುದು ನಿಂತದ್ದು ಐದು ವರ್ಷ ಮೊದಲೇ. ಯಾವ ಬಾಯಿಗೆ ಹೊಸ ಲೆನ್ಸು ಬರುವುದು ನಿಂತಿತೋ ಆ ಬಾಯಿಯ ಕ್ಯಾಮೆರಾಕ್ಕೆ ಮುಂದೆ ಕಷ್ಟ ಬರಲಿದೆ ಎಂಬುದನ್ನು ಚತುರ ವರ್ತಕ ಮೊದಲೇ ಓದಿಬಿಡುತ್ತಾನೆ. ಬಾವಿ ಬತ್ತುವ ಮುನ್ನ ಹಗ್ಗ ಉದ್ದವಾಗುತ್ತದಲ್ಲ, ಹಾಗೆ.

ಒಳ್ಳೆಯ ಮಾಲು, ಅನಾಥ ಲೆನ್ಸು

ಕೆನಾನ್ ಒಂದನ್ನೇ ದೂರಿ ಫಲವಿಲ್ಲ. ಸ್ಯಾಮ್‌ಸಂಗ್ 2014ರಲ್ಲಿ ತಂದ 'ಎನ್‌ಎಕ್ಸ್ 1' ಆ ಕಾಲಕ್ಕೆ ಬಲ್ಲವರೆಲ್ಲ ಹೊಗಳಿದ ಕ್ಯಾಮೆರಾ. ಹೊಗಳಿಕೆ ಮುಗಿಯುವ ಮೊದಲೇ ಕಂಪನಿ ಕ್ಯಾಮೆರಾ ವ್ಯಾಪಾರದಿಂದ ಕೈತೊಳೆದುಕೊಂಡಿತು. ನಿಕಾನ್ ತನ್ನ 'ಒನ್' ಎಂಬ ಸಣ್ಣ ಕ್ಯಾಮೆರಾಗಳನ್ನು 2011ರಲ್ಲಿ ಆರಂಭಿಸಿ 2018ರಲ್ಲಿ ನಿಲ್ಲಿಸಿತು. ಟೀವಿ, ಫೋನು, ಫ್ರಿಜ್ಜಿನಲ್ಲಿ ಸ್ಯಾಮ್‌ಸಂಗ್ ಹೆಸರು ಮನೆಮಾತು. ಕ್ಯಾಮೆರಾದಲ್ಲಿ ನಿಕಾನ್ ಹೆಸರು ಹಳೆಯ ಬಂಗಾರ. ಆದರೂ ಆ ಲೆನ್ಸುಗಳಿಗೆ ಇಂದು ಹೊಸ ಮನೆಯಿಲ್ಲ. ಕಂಪನಿಯ ಹೆಸರು ದೊಡ್ಡದಿದ್ದರೆ ಸಾಲದು, ಆ ಬಾಯಿ ಬದುಕಿರಬೇಕು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಒಲಿಂಪಸ್ ಕಂಪನಿ ನಷ್ಟವನ್ನು ವರ್ಷಗಟ್ಟಲೆ ಲೆಕ್ಕದಲ್ಲಿ ಮುಚ್ಚಿಟ್ಟ ಹಗರಣ 2011ರಲ್ಲಿ ಬಯಲಾಗಿ ಜಗತ್ತಿನೆದುರು ತಲೆತಗ್ಗಿಸಬೇಕಾಯಿತು. 2021ರ ಜನವರಿಯಲ್ಲಿ ಅದರ ಕ್ಯಾಮೆರಾ ವ್ಯಾಪಾರ ಬೇರೆಯವರ ಪಾಲಾಯಿತು. ಕ್ಯಾಮೆರಾದ ಮೇಲಿನ ಹೆಸರೂ 'ಓಎಂ ಸಿಸ್ಟಂ' ಎಂದಾಯಿತು. ಆದರೆ ಬಾಯಿ ಬದಲಾಗಲಿಲ್ಲ. 2009ರಲ್ಲಿ ಕೊಂಡ ಪೆನ್ ಲೆನ್ಸನ್ನು ಇಂದಿನ ಓಎಂ ಕ್ಯಾಮೆರಾಕ್ಕೂ ಹಾಕಬಹುದು, ಪ್ಯಾನಸಾನಿಕ್‌ನ ಅದೇ ಪದ್ಧತಿಯ ಕ್ಯಾಮೆರಾಕ್ಕೂ ಹಾಕಬಹುದು. ಅಂಗಡಿಯ ಬೋರ್ಡು ಬದಲಾಯಿತು, ಗಿರಾಕಿಯ ಮಾಲು ಉಳಿಯಿತು.

ಸೋನಿಯ ಕಥೆಯೂ ಇಂಥದ್ದೇ. ಸ್ಟುಡಿಯೊದವರು ಮೊದಮೊದಲು "ಟೇಪ್‌ರಿಕಾರ್ಡರ್ ಕಂಪನಿಯವರು ಕ್ಯಾಮೆರಾ ಏನ್ ಮಾಡ್ತಾರ?" ಎಂದು ಮೂಗು ಮುರಿದದ್ದುಂಟು. ಆ ಕಂಪನಿ 2006ರಲ್ಲಿ ಕೋನಿಕಾ ಮಿನೋಲ್ಟಾದವರ ಕ್ಯಾಮೆರಾ ವ್ಯಾಪಾರ ವಹಿಸಿಕೊಂಡಿತು. 2010ರಲ್ಲಿ ಸಣ್ಣ ಕ್ಯಾಮೆರಾಕ್ಕೆ 'ಇ' ಎಂಬ ಬಾಯಿ ತಂದಿತು. 2011ರಲ್ಲಿ ಆ ಬಾಯಿಯ ಮೂಲ ಅಳತೆಗಳನ್ನು ಬೇರೆ ಲೆನ್ಸು ತಯಾರಕರಿಗೂ ಬಿಟ್ಟುಕೊಟ್ಟಿತು. ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಸಾಲುಗಟ್ಟಿದವು. ಸ್ಪರ್ಧೆ ಇದ್ದಲ್ಲಿ ಬೆಲೆ ಹದಕ್ಕೆ ಬರುವುದು ಸಂತೆಯ ನಿಯಮ. ಕೆನಾನ್ 'ಆರ್' ಬಾಯಿಗೆ ಇವೇ ಸಿಗ್ಮಾ, ಟ್ಯಾಮ್ರಾನ್ ಆಟೋಫೋಕಸ್ ಲೆನ್ಸುಗಳು ಒಪ್ಪಿಗೆ ಪಡೆದು ಬರತೊಡಗಿದ್ದು 2024ರಲ್ಲಿ, ಅದೂ ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ.

ಹೆಸರಿನ ಜೀನು, ಬೇರೆಯವರ ಕುದುರೆ

ಬೆಲೆಯಲ್ಲಿ ಹೆಸರಿನ ಪಾಲೆಷ್ಟು ಎಂದು ಅಳೆಯಲು 2012ರ ಒಂದು ಪ್ರಸಂಗ ಸಾಕು. ಹ್ಯಾಸಲ್‌ಬ್ಲಾಡ್ ಎಂಬುದು ಸ್ವೀಡನ್ನಿನ ಕಂಪನಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಚಿತ್ರ ತೆಗೆದದ್ದು ಈ ಕಂಪನಿಯ ಕ್ಯಾಮೆರಾದಿಂದ. ಅಂಥ ಹೆಸರಿನ ಕಂಪನಿ 'ಲೂನಾರ್' ಎಂಬ ಸಣ್ಣ ಕ್ಯಾಮೆರಾವನ್ನು ಸುಮಾರು 5,000 ಯೂರೋ ಬೆಲೆಗೆ ಪ್ರಕಟಿಸಿತು. ನೋಡಿದರೆ ಒಳಗಿದ್ದದ್ದು ಸೋನಿಯ 'ನೆಕ್ಸ್ 7'. ಸೋನಿಯ ಅಂಗಡಿಯಲ್ಲಿ ಅದರ ಬಾಡಿಗೆ ಸುಮಾರು 1,200 ಡಾಲರ್. ಹೊರಗೆ ಮರದ ಹಿಡಿ, ಹೊಸ ಕವಚ, ದೊಡ್ಡ ಹೆಸರು. ಅಷ್ಟಕ್ಕೇ ಸುಮಾರು ಐದು ಪಟ್ಟು ಬೆಲೆ! ಬಲ್ಲವರು ನಕ್ಕರು, ಗಿರಾಕಿ ಹತ್ತಿರ ಸುಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಸಾಲೇ ನಿಂತಿತು.

ಅದೇ ಕಂಪನಿ 2016ರಲ್ಲಿ ತಾನೇ ತಯಾರಿಸಿದ, ದೊಡ್ಡ ಸೆನ್ಸರಿನ, ಕನ್ನಡಿಯಿಲ್ಲದ 'ಎಕ್ಸ್1ಡಿ' ತಂದಿತು. ಬೆಲೆ ಸುಮಾರು 9,000 ಡಾಲರ್. ಈ ಸಲ ಯಾರೂ ನಗಲಿಲ್ಲ. ದುಬಾರಿಯೇ ಹೌದು, ಆದರೆ ಮಾಲು ಸ್ವಂತದ್ದು.

ಬೀದರಿನವರಿಗೆ ಇದು ಬೇಗ ತಿಳಿಯುತ್ತದೆ. ಬಿದರಿ ಪಾತ್ರೆಯ ಕಪ್ಪು ಹೊಳಪು ಸತು ತಾಮ್ರದ ಮಿಶ್ರಣಕ್ಕೆ ಕೋಟೆಯ ಮಣ್ಣು ಸೇರಿದಾಗ ಬರುವಂಥದು, ಅದರ ಮೇಲೆ ಬೆಳ್ಳಿಯ ಕುಸುರಿ. ಕಪ್ಪು ಬಣ್ಣ ಬಳಿದ ಬೇರೆ ಪಾತ್ರೆಗೆ ಬಿದರಿ ಎಂದು ಚೀಟಿ ಹಚ್ಚಿದರೆ ಊರವರು ಅದಕ್ಕೆ ಬಿದರಿಯ ರೊಕ್ಕ ಕೊಟ್ಟಾರೆಯೆ?

ಯಾಶಿಕಾ ಹೆಸರಿನ ಗತಿ ಇನ್ನೂ ಮರುಕ ಹುಟ್ಟಿಸುವಂಥದು. ರೀಲಿನ ಕಾಲದಲ್ಲಿ ನಮ್ಮ ಸ್ಟುಡಿಯೊಗಳಲ್ಲಿ ಯಾಶಿಕಾ ಎಂದರೆ ಅರ್ಧ ಗ್ಯಾರಂಟಿ. ಆ ಕಂಪನಿಯನ್ನು 1983ರಲ್ಲಿ ಕ್ಯೋಸೆರಾ ನುಂಗಿತು. 2005ರಲ್ಲಿ ಕ್ಯೋಸೆರಾ ಕ್ಯಾಮೆರಾ ಮಾಡುವುದನ್ನೇ ಬಿಟ್ಟಿತು. ಹೆಸರು ಮಾತ್ರ ಕೈಯಿಂದ ಕೈಗೆ ಮಾರಾಟವಾಯಿತು. 2017ರಲ್ಲಿ ಆ ಹೆಸರಿನಲ್ಲಿ 'ವೈ 35' ಎಂಬ ಕ್ಯಾಮೆರಾ ಕೊಡುವುದಾಗಿ ಹೇಳಿ ಜನರಿಂದ ಮುಂಗಡವಾಗಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಎತ್ತಲಾಯಿತು. ಕೈಗೆ ಬಂದದ್ದು ಆಟಿಕೆಯಂತಿದೆ ಎಂದು ಕೊಂಡವರು ಗೋಳಾಡಿದರು. ಅಜ್ಜನ ಪಟಗ ಸುತ್ತಿಕೊಂಡ ಮಾತ್ರಕ್ಕೆ ಅಜ್ಜನ ಸಾಲ ಯಾರೂ ಕೊಡುವುದಿಲ್ಲ ಎಂಬುದನ್ನು ಮುಂಗಡ ಕೊಟ್ಟವರು ತಡವಾಗಿ ಕಲಿತರು.

ಪಕ್ಕಾ ಬಿಲ್, ಕಚ್ಚಾ ಬಿಲ್

ಇನ್ನು ನಮ್ಮ ಬಜಾರಿಗೆ ಬರೋಣ. 1956ರ ತನಕ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ರಾಜ್ಯ ಬದಲಾದರೂ ಖರೀದಿಯ ದಾರಿ ಬದಲಾಗಿಲ್ಲ. ಹುಮನಾಬಾದಿನ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿ ಹೈದರಾಬಾದಿನ ಕೋಠಿಗೆ ಹೋಗಿ ಕ್ಯಾಮೆರಾ ತರುವವರು ಇಂದಿಗೂ ಉಂಟು. ಇನ್ನು ಕೆಲವರಿಗೆ ದುಬೈಯಲ್ಲಿರುವ ನೆಂಟರೇ ಅಂಗಡಿ.

ಅಲ್ಲಿ ಎರಡು ಬೆಲೆ. "ಬಿಲ್ ಬೇಕಂದ್ರ ಇಷ್ಟು, ಬ್ಯಾಡಂದ್ರ ಇಷ್ಟು." ಕೇಳಿದಾಗ ಎಂಥವನಿಗೂ ಬಾಯಲ್ಲಿ ನೀರೂರುತ್ತದೆ. ಆದರೆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು.

ಡಿಜಿಟಲ್ ಕ್ಯಾಮೆರಾಗಳ ಮೇಲೆ ಜಿಎಸ್‌ಟಿ ಮೊದಲು ಶೇಕಡಾ 28 ಇತ್ತು. 2019ರ ಜನವರಿ 1ರಿಂದ 18ಕ್ಕೆ ಇಳಿಯಿತು. ಮೂಲಬೆಲೆ 50,000 ಇದ್ದರೆ ಮೊದಲು 64,000 ಬೀಳುತ್ತಿದ್ದದ್ದು ಆಮೇಲೆ 59,000ಕ್ಕೆ ಬಂತು. ತೆರಿಗೆ ಇಳಿದಷ್ಟೂ ಕಚ್ಚಾ ಬಿಲ್ಲಿನ ಲಾಭ ಸಣ್ಣದಾಗುತ್ತದೆ. ಸ್ಟುಡಿಯೊದವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಆ 9,000 ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಲೂ ಬರುತ್ತದೆ. ಅದಕ್ಕೆ ತಮ್ಮ ನಂಬರಿನ ಪಕ್ಕಾ ಬಿಲ್ ಕೈಯಲ್ಲಿರಬೇಕು.

ಹೊರದೇಶದಿಂದ ಬಂದ ಮಾಲಿನ ಡಬ್ಬಿಯ ಮೇಲೆ ಆಮದುದಾರನ ಹೆಸರು, ವಿಳಾಸ ಮತ್ತು ಎಲ್ಲ ತೆರಿಗೆ ಸೇರಿದ ಎಮ್ಮಾರ್ಪಿ ಇರಬೇಕೆಂಬುದು ತೂಕ ಮತ್ತು ಅಳತೆ ಇಲಾಖೆಯ ಕಾನೂನು. ಸಕ್ಕರೆ ಪೊಟ್ಟಣಕ್ಕೂ ಎಮ್ಮಾರ್ಪಿ ನೋಡುವ ಗಿರಾಕಿ ಲಕ್ಷ ರೂಪಾಯಿಯ ಡಬ್ಬಿಯಲ್ಲಿ ಆ ಚೀಟಿ ಹುಡುಕುವುದಿಲ್ಲವೆಂಬುದು ಸೋಜಿಗ. ಆ ಚೀಟಿ ಇಲ್ಲದಿದ್ದರೆ ಮಾಲು ಕಳ್ಳದಾರಿಯದೆಂದು ಅನುಮಾನಿಸಬೇಕು. ಕಂಪನಿಯ ಇಲ್ಲಿನ ಶಾಖೆ ವಾರಂಟಿ ಕೊಡುವುದು ಇಲ್ಲಿ ಮಾರಿದ ಮಾಲಿಗೆ. ದುಬೈಯ ಮಾಲಿಗೆ ಇಲ್ಲಿ ವಾರಂಟಿ ಉಂಟೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯುವುದು ಲೇಸು.

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. "ವ್ಯಾಪಾರಕ್ಕೆ ತಂದ ಕ್ಯಾಮೆರಾ, ನಿಮಗ ಗ್ರಾಹಕ ಕಾನೂನು ಹತ್ತೂದಿಲ್ಲ" ಎಂದು ಅಂಗಡಿಯವರು ಹೆದರಿಸುವುದುಂಟು. ಅದು ಪೂರ್ತಿ ಸತ್ಯವಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಮಾಲು ಕೊಂಡು ಬಳಸುವವನೂ ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಅವನಿಗೂ ತೆರೆದಿದೆ. ಆದರೆ ಅಲ್ಲಿಯೂ ಮೊದಲು ಕೇಳುವುದು ಬಿಲ್ಲನ್ನೇ.

ಒಂದು ಲಗ್ನಕ್ಕೆ ಎಷ್ಟು ಬಿತ್ತು?

ಕಿರಾಣಿ ಅಂಗಡಿಯ ಲೆಕ್ಕದಂತೆಯೇ ಇದನ್ನೂ ಹಾಕಿ ನೋಡಬಹುದು. ಅಂಕಿಗಳು ಲೆಕ್ಕಕ್ಕೆಂದು ಹಿಡಿದವು. ಹಳ್ಳಿಖೇಡದ ಒಬ್ಬ ಸ್ಟುಡಿಯೊ ಹುಡುಗ ವರ್ಷಕ್ಕೆ 25 ಕಾರ್ಯ ಹಿಡಿಯುತ್ತಾನೆ, ನಾಲ್ಕು ವರ್ಷಕ್ಕೊಮ್ಮೆ ಕ್ಯಾಮೆರಾ ಬದಲಿಸುತ್ತಾನೆ ಎಂದಿಟ್ಟುಕೊಳ್ಳಿ. ಒಟ್ಟು 100 ಕಾರ್ಯ.

ಮೊದಲ ಸೌದಾ: ಬದುಕಿರುವ ಬಾಯಿಯ ಕ್ಯಾಮೆರಾ ಮತ್ತು ಲೆನ್ಸು, ಪಕ್ಕಾ ಬಿಲ್ಲಿನಲ್ಲಿ 90,000. ನಾಲ್ಕು ವರ್ಷದ ಮೇಲೆ 40,000ಕ್ಕೆ ಮಾರಿದ. ಸವೆದದ್ದು 50,000. ಒಂದು ಕಾರ್ಯಕ್ಕೆ 500 ರೂಪಾಯಿ.

ಎರಡನೆಯ ಸೌದಾ: ಅದೇ ಮಾಲು, ಕಚ್ಚಾ ಬಿಲ್ಲು, 82,000. ಉಳಿದದ್ದು 8,000. ಒಂದು ಕಾರ್ಯಕ್ಕೆ 80 ರೂಪಾಯಿ, ಒಂದು ಊಟದ ದುಡ್ಡು! ವಾರಂಟಿಯ ವರ್ಷದೊಳಗೆ ಶಟರ್ ಕೈಕೊಟ್ಟು 15,000 ಸ್ವಂತ ಕಿಸೆಯಿಂದ ತೆರಬೇಕಾಗಿ ಬಂದರೆ ಆ 8,000 ಹೋಗಿ ಮೇಲೆ 7,000 ಕೈಬಿಟ್ಟಿತು. ಮಾರುವಾಗ "ಬಿಲ್ ತೋರಸ್ರಿ" ಎಂದರೆ ತೋರಿಸಲು ಏನೂ ಇಲ್ಲ.

ಮೂರನೆಯ ಸೌದಾ: ಬಾಯಿ ಮುಚ್ಚುತ್ತಿರುವ ಕ್ಯಾಮೆರಾ, ಲೆನ್ಸು ಸೇರಿ 65,000. ಅಗ್ಗ ಎಂದು ಖುಷಿ. ನಾಲ್ಕು ವರ್ಷದ ಮೇಲೆ ಕೇಳುವವರಿಲ್ಲದೆ 10,000ಕ್ಕೆ ಕೊಟ್ಟ. ಸವೆದದ್ದು 55,000. ಒಂದು ಕಾರ್ಯಕ್ಕೆ 550. ಅಂದರೆ 25,000 ಕಡಿಮೆಗೆ ತಂದದ್ದೇ ಕೊನೆಗೆ ತುಟ್ಟಿಯಾಯಿತು.

ಹೆಸರಿಗೆ ಕೊಡುವ ರೊಕ್ಕ ದಂಡವೋ ಅಲ್ಲವೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಲೆನ್ಸು ಬೇಕೆಂದಾಗ ಲೆನ್ಸು, ರಿಪೇರಿ ಬಂದಾಗ ರಿಪೇರಿ, ಮಾರುವಾಗ ಗಿರಾಕಿ, ಈ ಮೂರನ್ನೂ ದೊರಕಿಸುವ ಹೆಸರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೂರೂ ಇಲ್ಲದ ಹೆಸರು ಬರೀ ಬೋರ್ಡು.

"ಇಷ್ಟೇನ್ರಿ ಕ್ಯಾಮೆರಾ?"

ಇಷ್ಟೆಲ್ಲ ಲೆಕ್ಕ ಹಾಕಿ ಸಣ್ಣ ಕ್ಯಾಮೆರಾ ತಂದವನಿಗೆ ಇನ್ನೊಂದು ಪರೀಕ್ಷೆ ಲಗ್ನದ ಮಂಟಪದಲ್ಲಿ ಕಾದಿರುತ್ತದೆ. ಹೆಣ್ಣಿನ ಕಡೆಯ ಹಿರಿಯರು ಚೀಲದಿಂದ ಹೊರಬಂದದ್ದನ್ನು ನೋಡಿ "ಏನಪಾ, ಇಷ್ಟೇನು ಕ್ಯಾಮೆರಾ? ಮೊನ್ನೆ ನಮ್ಮ ತಮ್ಮನ ಮಗನ ಲಗ್ನಕ್ಕ ಬಂದವರದ್ದು ಇಷ್ಟು ದೊಡ್ಡದಿತ್ತು" ಎಂದು ಕೈಯಗಲಿಸುತ್ತಾರೆ. ದರದ ಚೌಕಾಸಿ ಅಲ್ಲಿಂದಲೇ ಶುರು.

"ಕಾಕಾ, ಸಣ್ಣದಾದ್ರೂ ಇದರ ರೇಟ್ ಅದರಕಿಂತ ಹೆಚ್ಚದ" ಎಂದರೆ ನಂಬುವವರಾರು? ಕೆಲವರು ಉಪಾಯ ಕಂಡುಕೊಂಡಿದ್ದಾರೆ. ಕ್ಯಾಮೆರಾದ ಕೆಳಗೆ ಬ್ಯಾಟರಿಯ ಹಿಡಿ ಜೋಡಿಸುತ್ತಾರೆ, ತಲೆಯ ಮೇಲೆ ದೊಡ್ಡ ಫ್ಲ್ಯಾಶ್ ಕೂರಿಸುತ್ತಾರೆ. ಕಂಪನಿಯವರು ಕನ್ನಡಿ ತೆಗೆದು ಇಳಿಸಿದ ಭಾರವನ್ನು ಇವರು ಮಾನ ಉಳಿಸಿಕೊಳ್ಳಲು ಮತ್ತೆ ಏರಿಸುತ್ತಾರೆ!

ಹಿರಿಯರ ಮಾತಿನಲ್ಲಿ ತುಸು ನಿಜವೂ ಇಲ್ಲದಿಲ್ಲ. ಮಂದ ಬೆಳಕಿನ ಮಂಟಪದಲ್ಲಿ ದೊಡ್ಡ ಸೆನ್ಸರು, ಹೆಚ್ಚು ಬೆಳಕು ಹಿಡಿಯುವ ಲೆನ್ಸು ಇದ್ದರೆ ಚಿತ್ರ ಶುಭ್ರ. ಫುಲ್ ಫ್ರೇಮ್ ಸೆನ್ಸರು 36 ಮಿಲಿಮೀಟರ್ ಅಗಲ, 24 ಎತ್ತರ. ಒಲಿಂಪಸ್, ಪ್ಯಾನಸಾನಿಕ್ ಪದ್ಧತಿಯದು ಸುಮಾರು 17 ಅಗಲ, 13 ಎತ್ತರ. ಆದರೆ ಅದು ಕ್ಯಾಮೆರಾದ ಒಳಗಿನ ಮಾತು. ಹೊರಗಿನ ಹೊಟ್ಟೆ ನೋಡಿ ತಿಳಿಯುವಂಥದಲ್ಲ. ಫುಲ್ ಫ್ರೇಮ್ ಸೆನ್ಸರು ಇಂದು ಸಣ್ಣ ಬಾಡಿಯಲ್ಲಿಯೂ ಕೂರುತ್ತದೆ. ಆದ್ದರಿಂದ ಲಗ್ನದ ಮನೆಯವರು ಕ್ಯಾಮೆರಾ ತೋರಿಸು ಎನ್ನುವ ಬದಲು ರಾತ್ರಿಯ ಮಂಟಪದಲ್ಲಿ ತೆಗೆದ ಹಳೆಯ ಆಲ್ಬಮ್ ತೋರಿಸು ಎನ್ನುವುದು ಒಳಿತು. ದರ ಆ ಆಲ್ಬಮ್ಮಿಗೆ.

ಚೀಲ ಬಿಚ್ಚಿ ನೋಡಿ

ಮುಂದಿನ ಲಗ್ನಸರಾಯಿಗೆ ಹೊಸ ಕ್ಯಾಮೆರಾ ತರಬೇಕೆನ್ನುವವರು ಕೋಠಿಯ ಬಸ್ಸು ಹತ್ತುವ ಮೊದಲು ತಮ್ಮ ಚೀಲ ಬಿಚ್ಚುವುದು ಒಳ್ಳೆಯದು. ಕೆನಾನ್ ಲೆನ್ಸಿನ ಮೇಲೆ 'ಇಎಫ್' ಇಲ್ಲವೆ 'ಇಎಫ್-ಎಸ್' ಎಂದಿದ್ದರೆ ಚಿಂತೆಯಿಲ್ಲ, ಅಡಾಪ್ಟರಿನ ಮೂಲಕ 'ಆರ್' ಕ್ಯಾಮೆರಾಕ್ಕೆ ಬರುತ್ತದೆ. 'ಇಎಫ್-ಎಂ' ಎಂದಿದ್ದರೆ ಅದು 'ಎಂ' ಕ್ಯಾಮೆರಾದ ಜೊತೆಗೇ ಬಾಳಬೇಕು, ಇಲ್ಲವೆ ಜೋಡಿಯಾಗಿಯೇ ಮಾರಬೇಕು. ನಿಕಾನ್‌ನವರ ಹಳೆಯ 'ಎಎಫ್-ಡಿ' ಲೆನ್ಸು ಹೊಸ 'ಝಡ್' ಕ್ಯಾಮೆರಾಕ್ಕೆ ಕಂಪನಿಯ ಅಡಾಪ್ಟರಿನಲ್ಲಿ ಕೂರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. 'ಎಎಫ್-ಎಸ್' ಆದರೆ ತಾನೇ ಫೋಕಸ್ ಮಾಡಿಕೊಳ್ಳುತ್ತದೆ.

ಅಂಗಡಿಯಲ್ಲಿ ನಿಂತಾಗ ಕೇಳಬೇಕಾದದ್ದು ನಾಲ್ಕೇ ಮಾತು. ಈ ಬಾಯಿಗೆ ಈಚೆಗೆ ಹೊಸ ಲೆನ್ಸು ಬಂದಿದೆಯೆ? ಕೆಟ್ಟರೆ ಎಲ್ಲಿ ಒಯ್ಯಬೇಕು? ಡಬ್ಬಿಯ ಮೇಲೆ ಆಮದುದಾರನ ಚೀಟಿ ಎಲ್ಲಿ? ಪಕ್ಕಾ ಬಿಲ್ ಕೊಡುವಿರಾ? ನಾಲ್ಕಕ್ಕೂ ನೇರ ಉತ್ತರ ಬಂದರೆ ರೊಕ್ಕ ಎಣಿಸಬಹುದು. ಒಂದಕ್ಕೆ "ನೋಡೋಣ ತಗೋರಿ" ಎಂದರೂ ಎಣಿಸುವ ಕೈ ನಿಲ್ಲಲಿ.

ಅದೆಲ್ಲಕ್ಕೂ ಮೊದಲು ಅಂಕಿಯ ಹಿಂದಿನ ಅಕ್ಷರ ಓದಬೇಕು. ಹಳ್ಳಿಖೇಡದವರು ತಮ್ಮ ಊರಿನ ಹೆಸರು ಬರೆಯುವಾಗ 'ಬಿ' ಮರೆಯುವುದಿಲ್ಲ. ಅಷ್ಟೇ ಎಚ್ಚರ ಕ್ಯಾಮೆರಾ ಅಂಗಡಿಯಲ್ಲಿಯೂ ಇದ್ದರೆ ಸಾಕು.